ಗೇಮ್‌ಗೆ ಅಡ್ಮಿನ್ ಅಧಿಕಾರ ಕೊಡುವ ಮುನ್ನ

ಎರಡು ಗಂಟೆ ಆಡಿ ಸೇವ್ ಮಾಡಿರುತ್ತೀರಿ, ಮರುದಿನ ತೆರೆದರೆ ಸೇವ್ ಕಾಣಿಸುವುದಿಲ್ಲ. ರೆಸಲ್ಯೂಷನ್ ಎಷ್ಟು ಸಲ ಬದಲಿಸಿದರೂ ಹಳೆಯದೇ ಬಂದು ಕೂರುತ್ತದೆ. ಅಪ್‌ಡೇಟ್ ಅರ್ಧಕ್ಕೆ ನಿಂತು 'ಆಕ್ಸೆಸ್ ಡಿನೈಡ್' ಎನ್ನುತ್ತದೆ. ಇಂಥ ತೊಂದರೆಯನ್ನು ಯಾರ ಮುಂದೆ ಹೇಳಿಕೊಂಡರೂ ಸಿಗುವ ಮೊದಲ ಸಲಹೆ ಒಂದೇ: ರೈಟ್ ಕ್ಲಿಕ್ ಮಾಡಿ, 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಒತ್ತಿ, ಅಂದರೆ ಕಂಪ್ಯೂಟರ್ ಮೇಲಿನ ಪೂರ್ಣ ಅಧಿಕಾರ (ಅಡ್ಮಿನ್) ಕೊಟ್ಟು ತೆರೆಯಿರಿ. ಎಷ್ಟೋ ಸಲ ಕೆಲಸ ಆಗಿಯೂಬಿಡುತ್ತದೆ. ಆಮೇಲೆ ಸದಾ ಹಾಗೆಯೇ ತೆರೆಯಲೆಂದು ಗೇಮ್ ಫೈಲಿನ 'ಪ್ರಾಪರ್ಟೀಸ್'ನಲ್ಲಿ ಅಡ್ಮಿನ್ ಟಿಕ್ ಹಾಕುತ್ತಾರೆ, ಅದನ್ನು ತೆಗೆಯುವವರಿಲ್ಲ. ಬೀಗ ಬಿದ್ದಿದ್ದು ಒಂದು ಕೋಣೆಗೆ, ಕೊಟ್ಟಿದ್ದು ಇಡೀ ಮನೆಯ ಬೀಗದ ಕೈ ಗೊಂಚಲು. ಹೆಚ್ಚಿನ ಗೇಮ್‌ಗಳಿಗೆ ಬೇಕಿರುವುದು ಯಾವುದೋ ಒಂದು ಫೋಲ್ಡರ್‌ನಲ್ಲಿ ಬರೆಯುವ ಅನುಮತಿ, ಅಷ್ಟೇ. ಯಾವ ಫೋಲ್ಡರ್ ಎಂದು ಹುಡುಕಿ ಅದನ್ನಷ್ಟೇ ಕೊಡುವ ದಾರಿ ಮುಂದಿದೆ. ಹಂತಗಳು ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತವೆ.

ತೊಂದರೆಯ ಬೇರು

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮನೆಯ ಕಂಪ್ಯೂಟರ್‌ಗಳಲ್ಲಿ ಹೆಚ್ಚಾಗಿ ಎಲ್ಲರೂ ಅಡ್ಮಿನ್‌ಗಳೇ. ಗೇಮ್ ತಾನು ಇನ್‌ಸ್ಟಾಲ್ ಆದ ಫೋಲ್ಡರ್‌ನಲ್ಲೇ ಸೇವ್ ಬರೆದುಕೊಳ್ಳುತ್ತಿತ್ತು, ಕೇಳುವವರಿರಲಿಲ್ಲ. 1999ರ 'ಏಜ್ ಆಫ್ ಎಂಪೈರ್ಸ್ 2' ತನ್ನ ಸೇವ್‌ಗಳನ್ನು ಇಡುತ್ತಿದ್ದುದು ಹಾಗೆಯೇ. 2007ರಲ್ಲಿ ಮನೆಗಳಿಗೆ ಬಂದ ವಿಸ್ತಾ, ಯೂಸರ್ ಅಕೌಂಟ್ ಕಂಟ್ರೋಲ್ ಅಂದರೆ ಯುಎಸಿಯನ್ನು ತಂದಿತು. ಅಂದಿನಿಂದ ನಿಮ್ಮದು ಅಡ್ಮಿನ್ ಅಕೌಂಟೇ ಆಗಿದ್ದರೂ ನೀವು ತೆರೆಯುವ ಪ್ರೋಗ್ರಾಂ ಸಾಮಾನ್ಯ ಬಳಕೆದಾರನ ಅಧಿಕಾರದಲ್ಲೇ ಓಡುತ್ತದೆ. ಪರದೆ ಮಬ್ಬಾಗಿ ಬರುವ ಪ್ರಶ್ನೆಗೆ 'ಯೆಸ್' ಎಂದಾಗ ಮಾತ್ರ ಆ ಒಂದು ಪ್ರೋಗ್ರಾಂಗೆ ಪೂರ್ಣ ಅಧಿಕಾರ ಸಿಗುತ್ತದೆ. 'ಪ್ರೋಗ್ರಾಂ ಫೈಲ್ಸ್' ಫೋಲ್ಡರ್ ಸಾಮಾನ್ಯ ಬಳಕೆದಾರನಿಗೆ ಓದಲು ಮಾತ್ರ. ಈ ಕಾವಲು ಬರುವ ಮುಂಚಿನ ಅಭ್ಯಾಸದಲ್ಲಿ ಬರೆದ ಗೇಮ್‌ಗಳು ಮುಗ್ಗರಿಸುವುದು ಇಲ್ಲೇ.

ಮೊದಲು ಪರೀಕ್ಷೆ

ಗೇಮನ್ನು ಒಂದೇ ಒಂದು ಸಲ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಮೂಲಕ ತೆರೆಯಿರಿ. ಇದು ಔಷಧವಲ್ಲ, ರಕ್ತಪರೀಕ್ಷೆ ಇದ್ದಂತೆ. ಅಡ್ಮಿನ್ ಆಗಿಯೂ ಅದೇ ತೊಂದರೆ ಇದ್ದರೆ ಕಾರಣ ಬೇರೆಲ್ಲೋ ಇರುವ ಸಂಭವವೇ ಹೆಚ್ಚು: ಗ್ರಾಫಿಕ್ಸ್ ಡ್ರೈವರ್, ಕೆಟ್ಟ ಫೈಲ್, ಆ್ಯಂಟಿವೈರಸ್. ತೊಂದರೆ ಮಾಯವಾದರೆ ಅನುಮತಿಯದೇ ಸಮಸ್ಯೆ, ಮುಂದುವರಿಯಿರಿ. ಈ ಪರೀಕ್ಷೆಯ ಹೊತ್ತಿನಲ್ಲಿ ಹೊಸ ಸೇವ್ ಮಾತ್ರ ಮಾಡಬೇಡಿ. ಯಾಕೆಂಬುದು ಕೆಳಗೆ ವರ್ಚುವಲ್‌ಸ್ಟೋರ್ ಭಾಗದಲ್ಲಿದೆ.

ಗೇಮ್ ಈಗಾಗಲೇ ಯಾವ ಅಧಿಕಾರದಲ್ಲಿ ಓಡುತ್ತಿದೆ ಎಂದು ಕಣ್ಣಾರೆ ನೋಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. 'ಡೀಟೇಲ್ಸ್' ಭಾಗಕ್ಕೆ ಹೋಗಿ, ಮೇಲಿನ ಕಾಲಂ ಹೆಸರುಗಳ ಮೇಲೆ ರೈಟ್ ಕ್ಲಿಕ್ ಮಾಡಿ, 'ಸೆಲೆಕ್ಟ್ ಕಾಲಮ್ಸ್' ಆರಿಸಿ. ಪಟ್ಟಿಯಲ್ಲಿ 'ಎಲಿವೇಟೆಡ್' ಎಂಬುದಕ್ಕೆ ಟಿಕ್ ಹಾಕಿ. ಗೇಮ್‌ನ ಸಾಲಿನಲ್ಲಿ 'ಎಲಿವೇಟೆಡ್' ಕೆಳಗೆ 'ಯೆಸ್' ಇದ್ದರೆ ಅದು ಅಡ್ಮಿನ್ ಆಗಿ ಓಡುತ್ತಿದೆ. ಗೇಮ್ ಕೊಂಡು ಇನ್‌ಸ್ಟಾಲ್ ಮಾಡಿ ಆಡುವ ಸ್ಟೀಮ್ ಎಂಬ ಪ್ರೋಗ್ರಾಮನ್ನೇ ಅಡ್ಮಿನ್ ಆಗಿ ತೆರೆದಿಟ್ಟು, ಅದರಿಂದ ಶುರುವಾಗುವ ಗೇಮ್‌ಗಳೂ ಅದೇ ಅಧಿಕಾರ ಪಡೆಯುತ್ತಿವೆ ಎಂಬುದು ಹಲವರಿಗೆ ತಿಳಿಯುವುದು ಈ ಕಾಲಂ ನೋಡಿದಾಗಲೇ.

ಗೇಮ್ ಇಡುವ ಜಾಗ

ಅರ್ಧಕ್ಕರ್ಧ ತೊಂದರೆ ಗೇಮ್ ಇರುವ ಜಾಗ ಬದಲಿಸಿದರೆ ತೀರುತ್ತದೆ. ಡಿ ಡ್ರೈವ್‌ನ ಬುಡದಲ್ಲಿ 'ಗೇಮ್ಸ್' ಎಂಬ ಫೋಲ್ಡರ್ ಮಾಡಿ ಅಲ್ಲೇ ಇನ್‌ಸ್ಟಾಲ್ ಮಾಡಿ. ಡಿ ಡ್ರೈವ್ ಇಲ್ಲದಿದ್ದರೆ ಸಿ ಡ್ರೈವ್‌ನ ಬುಡವೂ ನಡೆಯುತ್ತದೆ, 'ಪ್ರೋಗ್ರಾಂ ಫೈಲ್ಸ್' ಒಳಗೆ ಹೋಗದಿದ್ದರೆ ಸಾಕು. ಹೀಗೆ ಮಾಡಿದ ಹೊಸ ಫೋಲ್ಡರ್‌ಗೆ, ಲಾಗಿನ್ ಆದ ಯಾವ ಬಳಕೆದಾರನೂ ಬರೆಯಬಹುದಾದ ಅನುಮತಿಯನ್ನು ವಿಂಡೋಸ್ ತಾನಾಗಿಯೇ ಕೊಡುತ್ತದೆ.

ಸ್ಟೀಮ್ ಮಾತ್ರ ಇದಕ್ಕೆ ಅಪವಾದ. ಅದು ಕೂರುವುದು 'ಪ್ರೋಗ್ರಾಂ ಫೈಲ್ಸ್' ಒಳಗೇ ಆದರೂ ತನ್ನ ಫೋಲ್ಡರ್‌ಗೆ ಎಲ್ಲ ಬಳಕೆದಾರರಿಗೂ ಬರೆಯುವ ಅನುಮತಿಯನ್ನು ಇನ್‌ಸ್ಟಾಲ್ ಆಗುವಾಗಲೇ ಹೊಂದಿಸಿಕೊಳ್ಳುತ್ತದೆ. ಸ್ಟೀಮ್ ಗೇಮ್‌ಗಳಿಗೆ ಅಡ್ಮಿನ್ ಟಿಕ್ ಸಾಮಾನ್ಯವಾಗಿ ಬೇಕಾಗದಿರುವುದು ಇದರಿಂದಲೇ. ಗೇಮ್ ಮೊದಲ ಸಲ ತೆರೆಯುವಾಗ ತನಗೆ ಬೇಕಾದ ಡೈರೆಕ್ಟ್‌ಎಕ್ಸ್ ಮತ್ತು ವಿಷುಯಲ್ ಸಿ++ ಫೈಲ್‌ಗಳನ್ನು ಹಾಕಲು ಒಮ್ಮೆ ಅನುಮತಿ ಕೇಳಬಹುದು. ಅದು ಸಹಜ, 'ಯೆಸ್' ಎನ್ನಿ. ಪ್ರತಿ ಸಲವೂ ಕೇಳುತ್ತಿದ್ದರೆ ಆ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತಿರಬಹುದು, ಅಥವಾ ಗೇಮ್‌ನ ಫೈಲಿಗೇ ಅಡ್ಮಿನ್ ಟಿಕ್ ಬಿದ್ದಿರಬಹುದು.

ಸ್ಟೀಮ್‌ನಲ್ಲಿ ಇನ್‌ಸ್ಟಾಲ್ ಆದ ಗೇಮನ್ನು ಬೇರೆ ಡ್ರೈವ್‌ಗೆ ಸಾಗಿಸಲು ಸೆಟ್ಟಿಂಗ್ಸ್‌ನ 'ಸ್ಟೋರೇಜ್' ಭಾಗದಲ್ಲಿ ಹೊಸ ಡ್ರೈವ್ ಸೇರಿಸಿ. ಆಮೇಲೆ ಗೇಮ್‌ನ ಹೆಸರಿನ ಮೇಲೆ ರೈಟ್ ಕ್ಲಿಕ್, 'ಪ್ರಾಪರ್ಟೀಸ್', 'ಇನ್‌ಸ್ಟಾಲ್ಡ್ ಫೈಲ್ಸ್', 'ಮೂವ್ ಇನ್‌ಸ್ಟಾಲ್ ಫೋಲ್ಡರ್'. ಅಪ್‌ಡೇಟ್ ಹೊತ್ತಿಗೆ 'ಮಿಸ್ಸಿಂಗ್ ಫೈಲ್ ಪ್ರಿವಿಲೇಜಸ್' ಎಂದು ಬಂದರೆ ಮೊದಲು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಯಾವುದೋ ಪ್ರೋಗ್ರಾಂ ಆ ಫೈಲನ್ನು ಹಿಡಿದುಕೊಂಡಿದ್ದರೆ ಬಿಟ್ಟುಕೊಡುತ್ತದೆ. ಹೋಗದಿದ್ದರೆ ಅದೇ 'ಸ್ಟೋರೇಜ್' ಭಾಗದ ಮೂರು ಚುಕ್ಕಿ ಒತ್ತಿ 'ರಿಪೇರ್ ಫೋಲ್ಡರ್' ಆರಿಸಿ.

ಸಾಗಿಸಲು ಆಗದಿದ್ದರೆ

ಗೇಮ್ ಇರುವ ಫೋಲ್ಡರ್‌ಗೇ ಅನುಮತಿ ಕೊಡಿ. ಇದನ್ನು ಅಡ್ಮಿನ್ ಅಕೌಂಟಿನಿಂದ ಮಾಡಬೇಕು.

1. ಆ ಒಂದು ಗೇಮ್‌ನ ಫೋಲ್ಡರ್ ಮೇಲೆ ರೈಟ್ ಕ್ಲಿಕ್, 'ಪ್ರಾಪರ್ಟೀಸ್', 'ಸೆಕ್ಯುರಿಟಿ', 'ಎಡಿಟ್'.
2. ಪಟ್ಟಿಯಲ್ಲಿ 'ಯೂಸರ್ಸ್' ಆರಿಸಿ.
3. ಕೆಳಗೆ 'ಅಲೌ' ಕಾಲಂನಲ್ಲಿ 'ಮಾಡಿಫೈ' ಟಿಕ್ ಮಾಡಿ, 'ಅಪ್ಲೈ' ಒತ್ತಿ.

'ಫುಲ್ ಕಂಟ್ರೋಲ್' ಬೇಡ. ಅದು ಅನುಮತಿಗಳನ್ನೇ ಬದಲಿಸುವ ಹಕ್ಕನ್ನೂ ಕೊಡುತ್ತದೆ, ಗೇಮ್‌ಗೆ ಅದರಿಂದ ಉಪಯೋಗವಿಲ್ಲ. ಇಡೀ 'ಪ್ರೋಗ್ರಾಂ ಫೈಲ್ಸ್' ಫೋಲ್ಡರ್ ಮೇಲೆ, 'ವಿಂಡೋಸ್' ಫೋಲ್ಡರ್ ಮೇಲೆ, ಸ್ಟೋರ್ ಆ್ಯಪ್‌ಗಳು ಇರುವ 'ವಿಂಡೋಸ್‌ಆ್ಯಪ್ಸ್' ಮೇಲೆ ಈ ಪ್ರಯೋಗ ಮಾಡಲೇಬೇಡಿ. ಅಲ್ಲಿ ಅನುಮತಿ ಕೆದಕಿದರೆ ಆ್ಯಪ್‌ಗಳು ತೆರೆಯುವುದು ನಿಲ್ಲುತ್ತದೆ, ಮೊದಲಿನಂತೆ ಮಾಡುವುದು ತುಂಬ ಕಷ್ಟ.

ಇನ್ನೊಂದು ಎಚ್ಚರ ಇದಕ್ಕಿಂತ ಮುಖ್ಯ. ಎಲ್ಲರೂ ಬರೆಯಬಹುದಾದ ಫೋಲ್ಡರ್‌ನಲ್ಲಿರುವ ಗೇಮ್‌ಗೆ ಅಡ್ಮಿನ್ ಟಿಕ್ಕನ್ನೂ ಹಾಕಿದರೆ ಎರಡೂ ಸೇರಿ ಅಪಾಯ. ಯಾವುದೋ ಕೆಟ್ಟ ಪ್ರೋಗ್ರಾಂ ಸದ್ದಿಲ್ಲದೆ ಗೇಮ್‌ನ ಫೈಲನ್ನು ಬದಲಿಸಿಟ್ಟರೆ, ಮುಂದಿನ ಸಲ 'ಯೆಸ್' ಎಂದು ಅದಕ್ಕೆ ಪೂರ್ಣ ಅಧಿಕಾರ ಕೊಡುವವರು ನೀವೇ. ಫೋಲ್ಡರ್‌ಗೆ ಅನುಮತಿ ಕೊಟ್ಟ ಮೇಲೆ ಟಿಕ್ ತೆಗೆದುಬಿಡಿ.

ಹಳೆಯ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್ ತಂದು ಹೊಸದಕ್ಕೆ ಜೋಡಿಸಿದಾಗ 'ಸೆಕ್ಯುರಿಟಿ' ಪಟ್ಟಿಯಲ್ಲಿ ಹೆಸರಿನ ಬದಲು 'ಎಸ್-1-5-21' ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಕಾಣುತ್ತದೆ. ಅದು ಹಳೆಯ ವಿಂಡೋಸ್‌ನಲ್ಲಿದ್ದ ನಿಮ್ಮದೇ ಅಕೌಂಟ್. ಹೊಸ ವಿಂಡೋಸ್‌ಗೆ ಅದರ ಗುರುತಿಲ್ಲ. 'ಅಡ್ವಾನ್ಸ್ಡ್' ಒತ್ತಿ, 'ಓನರ್' ಎದುರಿನ 'ಚೇಂಜ್' ಮೂಲಕ ಈಗಿನ ಅಕೌಂಟ್ ಹೆಸರು ಕೊಟ್ಟು, ಒಳಗಿನ ಎಲ್ಲ ಫೋಲ್ಡರ್‌ಗಳಿಗೂ ಒಡೆತನ ಬದಲಿಸುವ ಟಿಕ್ ಹಾಕಿ 'ಓಕೆ' ಕೊಡಿ. ಕಿಟಕಿ ಮುಚ್ಚಿ ಮತ್ತೆ ತೆರೆದು, ಮೇಲಿನ ಮೂರು ಹಂತ ಮಾಡಿ. ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿದ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ 'ಸೆಕ್ಯುರಿಟಿ' ಟ್ಯಾಬೇ ಇರುವುದಿಲ್ಲ, ಆ ಫಾರ್ಮ್ಯಾಟ್‌ನಲ್ಲಿ ವಿಂಡೋಸ್ ಇಂಥ ಅನುಮತಿಗಳನ್ನು ಇಡುವುದಿಲ್ಲ.

ಕಳೆದುಹೋದ ಸೇವ್: ವರ್ಚುವಲ್‌ಸ್ಟೋರ್

ಹಳೆಯ 32 ಬಿಟ್ ಗೇಮ್‌ಗಳು 'ಪ್ರೋಗ್ರಾಂ ಫೈಲ್ಸ್' ಒಳಗೆ ಬರೆಯಲು ಹೋದಾಗ ವಿಂಡೋಸ್ ಎಲ್ಲ ಸಲವೂ ತಡೆಯುವುದಿಲ್ಲ. ತಡೆದರೆ ಗೇಮ್ ಕುಸಿದೀತು ಎಂದು ಅದನ್ನು ನಂಬಿಸಿ, ಫೈಲನ್ನು ಬೇರೆ ಕಡೆ ಬರೆದಿಡುತ್ತದೆ. ಆ ಜಾಗ ಇದು: ಸಿ ಡ್ರೈವ್, 'ಯೂಸರ್ಸ್', ನಿಮ್ಮ ಹೆಸರಿನ ಫೋಲ್ಡರ್, 'ಆ್ಯಪ್‌ಡೇಟಾ', 'ಲೋಕಲ್', 'ವರ್ಚುವಲ್‌ಸ್ಟೋರ್'. 'ಆ್ಯಪ್‌ಡೇಟಾ' ಮರೆಯಾಗಿರುತ್ತದೆ, ಫೈಲ್ ಎಕ್ಸ್‌ಪ್ಲೋರರ್‌ನ 'ವ್ಯೂ' ಮೆನುವಿನಲ್ಲಿ 'ಹಿಡನ್ ಐಟಮ್ಸ್' ಟಿಕ್ ಮಾಡಿದರೆ ಕಾಣುತ್ತದೆ.

ಎಡವಟ್ಟಾಗುವುದು ಹೀಗೆ. ಒಂದು ತಿಂಗಳು ಸಾಮಾನ್ಯವಾಗಿ ಆಡಿದ ಸೇವ್‌ಗಳೆಲ್ಲ ವರ್ಚುವಲ್‌ಸ್ಟೋರ್‌ನಲ್ಲಿ ಕೂತಿರುತ್ತವೆ. ಒಂದು ದಿನ ಯಾರೋ ಅಡ್ಮಿನ್ ಟಿಕ್ ಹಾಕುತ್ತಾರೆ. ಅಡ್ಮಿನ್ ಆಗಿ ಓಡುವ ಪ್ರೋಗ್ರಾಂಗೆ ಈ ಬದಲಿ ವ್ಯವಸ್ಥೆ ಅನ್ವಯಿಸುವುದಿಲ್ಲ, ಅದು ನೇರವಾಗಿ 'ಪ್ರೋಗ್ರಾಂ ಫೈಲ್ಸ್' ನೋಡುತ್ತದೆ. ಅಲ್ಲಿ ಏನೂ ಇಲ್ಲ, ಹಾಗಾಗಿ ಗೇಮ್ ಮೊದಲಿನಿಂದ ಶುರು. ಸೇವ್ ಅಳಿದಿಲ್ಲ, ಗೇಮ್ ಬೇರೆ ಬಾಗಿಲಿನಿಂದ ನೋಡುತ್ತಿದೆ ಅಷ್ಟೇ. ಎರಡು ಕಡೆಯೂ ಆಡುತ್ತ ಹೋದರೆ ಎರಡು ಬೇರೆ ಬೇರೆ ಸೇವ್ ಬೆಳೆಯುತ್ತವೆ, ಆಮೇಲೆ ಒಂದನ್ನು ಕೈಬಿಡಲೇಬೇಕಾಗುತ್ತದೆ.

ಸರಿಪಡಿಸಲು ಗೇಮ್ ಮುಚ್ಚಿ. ವರ್ಚುವಲ್‌ಸ್ಟೋರ್ ಒಳಗಿನ ಗೇಮ್ ಫೋಲ್ಡರನ್ನು ಮೊದಲು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಗೇಮನ್ನು ಡಿ ಡ್ರೈವ್‌ನ 'ಗೇಮ್ಸ್' ಫೋಲ್ಡರ್‌ಗೆ ಇನ್‌ಸ್ಟಾಲ್ ಮಾಡಿ, ಕಾಪಿ ಮಾಡಿಟ್ಟ ಸೇವ್ ಫೈಲ್‌ಗಳನ್ನು ಅಲ್ಲಿನ ಸೇವ್ ಫೋಲ್ಡರ್‌ಗೆ ಹಾಕಿ. ಇನ್ನು ಮುಂದೆ ಅಡ್ಮಿನ್ ಆಗಿ ತೆರೆದರೂ ತೆರೆಯದಿದ್ದರೂ ಗೇಮ್ ನೋಡುವ ಜಾಗ ಒಂದೇ. ಗೇಮನ್ನು ಬದಲಿಸಲು ಆಟಗಾರರು ಮಾಡಿದ ಫೈಲ್‌ಗಳು, ಅಂದರೆ ಮಾಡ್‌ಗಳನ್ನು 'ಪ್ರೋಗ್ರಾಂ ಫೈಲ್ಸ್' ಒಳಗಿನ ಹಳೆಯ ಗೇಮ್‌ಗೆ ಹಾಕಿದಾಗ ಬದಲಾವಣೆ ಕಾಣಿಸದೆ ಹೋದರೂ ಮೊದಲು ಇಲ್ಲೇ ಹುಡುಕಿ. 64 ಬಿಟ್ ಗೇಮ್‌ಗಳಿಗೆ ಈ ವ್ಯವಸ್ಥೆಯೇ ಇಲ್ಲ, ಅವುಗಳಿಗೆ ನೇರ 'ಆಕ್ಸೆಸ್ ಡಿನೈಡ್'.

ಮಕ್ಕಳ ಅಕೌಂಟ್, ಅಪ್ಪನ ಪಾಸ್‌ವರ್ಡ್

ಒಂದೇ ಕಂಪ್ಯೂಟರ್ ಇರುವ ಮನೆಯಲ್ಲಿ ಮಕ್ಕಳಿಗೆ ಅಡ್ಮಿನ್ ಅಧಿಕಾರವಿಲ್ಲದ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಕೊಟ್ಟಿರುವುದು ಒಳ್ಳೆಯ ಕೆಲಸ, ಅದನ್ನು ಕೈಬಿಡಬೇಡಿ. ಆದರೆ ಮಗು ತೆರೆದ ಗೇಮ್ ಅಡ್ಮಿನ್ ಪಾಸ್‌ವರ್ಡ್ ಕೇಳಿ, ಅಪ್ಪನೋ ಅಮ್ಮನೋ ತಮ್ಮ ಪಾಸ್‌ವರ್ಡ್ ಹೊಡೆದರೆ ಆ ಗೇಮ್ ಓಡುವುದು ಮಗುವಿನ ಹೆಸರಿನಲ್ಲಲ್ಲ, ಪಾಸ್‌ವರ್ಡ್ ಕೊಟ್ಟವರ ಹೆಸರಿನಲ್ಲಿ. 'ಡಾಕ್ಯುಮೆಂಟ್ಸ್' ಎಂದರೆ ಈಗ ಅಪ್ಪನ ಡಾಕ್ಯುಮೆಂಟ್ಸ್. ಸೇವ್, ಸೆಟ್ಟಿಂಗ್ಸ್ ಎಲ್ಲ ಅಲ್ಲಿಗೆ ಹೋಗುತ್ತವೆ. ಮರುದಿನ ಅಪ್ಪ ಮನೆಯಲ್ಲಿಲ್ಲದೆ, ಮಗು ಹೇಗೋ ಮಾಡಿ ಪಾಸ್‌ವರ್ಡ್ ಇಲ್ಲದೆ ಗೇಮ್ ತೆರೆದರೆ ಆಡಿದ್ದೆಲ್ಲ ಮಾಯ. ಮಗುವಿನ ಮೇಲೆ ಸಿಟ್ಟಾಗುವ ಮುನ್ನ ಇದನ್ನು ನೋಡಿ.

ಪಾಸ್‌ವರ್ಡ್ ಇನ್‌ಸ್ಟಾಲ್ ಮಾಡುವಾಗ ಒಂದು ಸಲ ಮಾತ್ರ ಕೊಡಿ. ಆಮೇಲೆ ಅಡ್ಮಿನ್ ಅಕೌಂಟಿಗೆ ಹೋಗಿ ಗೇಮ್ ಫೋಲ್ಡರ್‌ಗೆ 'ಮಾಡಿಫೈ' ಅನುಮತಿ ಹಾಕಿ, ಅಡ್ಮಿನ್ ಟಿಕ್ ಇದ್ದರೆ ತೆಗೆಯಿರಿ. ಅಪ್ಪನ 'ಡಾಕ್ಯುಮೆಂಟ್ಸ್', 'ಸೇವ್ಡ್ ಗೇಮ್ಸ್', 'ಆ್ಯಪ್‌ಡೇಟಾ' ಮೂರರಲ್ಲೂ ಗೇಮ್ ಹೆಸರಿನ ಫೋಲ್ಡರ್ ಹುಡುಕಿ, ಮಗುವಿನ ಅಕೌಂಟ್‌ನ ಅದೇ ಜಾಗಕ್ಕೆ ಹಾಕಿ. ಕಟ್ ಮಾಡದೆ ಕಾಪಿಯನ್ನೇ ಮಾಡಿ. ಕಾಪಿಯಾದ ಫೈಲಿಗೆ ಹೊಸ ಜಾಗದ ಅನುಮತಿ ಸಿಗುತ್ತದೆ, ತಪ್ಪಾದರೆ ಮೂಲವೂ ಉಳಿದಿರುತ್ತದೆ.

ಅಡ್ಮಿನ್ ಕೊಟ್ಟರೂ ಸೇವ್ ಆಗದಿದ್ದರೆ

'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಆನ್ ಆಗಿದೆಯೇ ನೋಡಿ. ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಕೆಟ್ಟ ಪ್ರೋಗ್ರಾಂ) ತಡೆಯಲೆಂದು 2017ರಲ್ಲಿ ವಿಂಡೋಸ್ 10ಕ್ಕೆ ಬಂದ ಈ ಕಾವಲು, ನಂಬಿಕೆಯಿಲ್ಲದ ಪ್ರೋಗ್ರಾಂ 'ಡಾಕ್ಯುಮೆಂಟ್ಸ್'ನಲ್ಲಿ ಬರೆಯದಂತೆ ತಡೆಯುತ್ತದೆ. ಅಡ್ಮಿನ್ ಎಂದರೂ ಬಿಡುವುದಿಲ್ಲ. 'ವಿಂಡೋಸ್ ಸೆಕ್ಯುರಿಟಿ', 'ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್', 'ಮ್ಯಾನೇಜ್ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್' ಒಳಗೆ ಹೋಗಿ. 'ಅಲೌ ಆ್ಯನ್ ಆ್ಯಪ್' ಎಂದು ಶುರುವಾಗುವ ಕೊಂಡಿ ಒತ್ತಿ, ಇತ್ತೀಚೆಗೆ ತಡೆದವುಗಳ ಪಟ್ಟಿಯಿಂದ ಗೇಮನ್ನು ಸೇರಿಸಿ. ಕಾವಲನ್ನೇ ಆಫ್ ಮಾಡಬೇಡಿ, ಮನೆಯವರ ಫೋಟೋಗಳೂ ಅದರ ರಕ್ಷಣೆಯಲ್ಲೇ ಇರುತ್ತವೆ.

ನಿಜಕ್ಕೂ ಅಡ್ಮಿನ್ ಬೇಕಾದಾಗ

ಕೆಲವು ಹಳೆಯ ಗೇಮ್‌ಗಳು, ಗೇಮ್ ಶುರುಮಾಡಲೆಂದೇ ಇರುವ ಕೆಲವು ಲಾಂಚರ್‌ಗಳು ಅಡ್ಮಿನ್ ಇಲ್ಲದೆ ತೆರೆಯುವುದೇ ಇಲ್ಲ. ಆಗ ಗೇಮ್‌ನ ಮೂಲ ಫೈಲಿನ 'ಪ್ರಾಪರ್ಟೀಸ್'ನಲ್ಲಿ 'ಕಂಪ್ಯಾಟಿಬಿಲಿಟಿ' ಟ್ಯಾಬ್ ತೆರೆದು 'ರನ್ ದಿಸ್ ಪ್ರೋಗ್ರಾಂ ಆ್ಯಸ್ ಆ್ಯನ್ ಅಡ್ಮಿನಿಸ್ಟ್ರೇಟರ್' ಟಿಕ್ ಮಾಡಿ. ಬೇರೆ ಲಾಂಚರ್‌ನಿಂದ ತೆರೆದಾಗ 740 ಎಂಬ ಎರರ್ ಬಂದರೆ, ಲಾಂಚರ್‌ಗೆ ಇಲ್ಲದ ಅಧಿಕಾರವನ್ನು ಗೇಮ್ ಕೇಳುತ್ತಿದೆ ಎಂದರ್ಥ. ಇದೇ ಟಿಕ್ ತೆಗೆದು ನೋಡಿ. ತೆಗೆದರೂ ಹೋಗದಿದ್ದರೆ ಅದರ ಕೆಳಗಿನ 'ಚೇಂಜ್ ಸೆಟ್ಟಿಂಗ್ಸ್ ಫಾರ್ ಆಲ್ ಯೂಸರ್ಸ್' ಒಳಗೂ ಒಂದು ಟಿಕ್ ಇರಬಹುದು.

ಟಿಕ್ ಹಾಕಿದ ಮೇಲೆ ಹೊಸ ತೊಂದರೆಗಳು ಬರುತ್ತವೆ. ಕಡಿಮೆ ಅಧಿಕಾರದ ಪ್ರೋಗ್ರಾಂ ಹೆಚ್ಚಿನ ಅಧಿಕಾರದ ಕಿಟಕಿಯಲ್ಲಿ ಕೈಯಾಡಿಸದಂತೆ ವಿಂಡೋಸ್ ತಡೆಯುತ್ತದೆ. ಹಾಗಾಗಿ ಆಡುವಾಗ ಗೆಳೆಯರೊಡನೆ ಮಾತಾಡಲು ಬಳಸುವ ಡಿಸ್ಕಾರ್ಡ್‌ನಲ್ಲಿ ಪುಶ್ ಟು ಟಾಕ್ (ಒತ್ತಿದಾಗ ಮಾತ್ರ ಮೈಕ್ ತೆರೆಯುವ) ಕೀ ಒತ್ತಿದರೆ ಗೇಮ್ ಒಳಗಿರುವಾಗ ಮಾತು ಹೋಗುವುದಿಲ್ಲ, ಎಕ್ಸ್‌ಪ್ಲೋರರ್‌ನಿಂದ ಅಡ್ಮಿನ್ ಆಗಿ ಓಡುವ ಮಾಡ್ ಮ್ಯಾನೇಜರ್‌ಗೆ ಫೈಲ್ ಎಳೆದು ಹಾಕಲು ಆಗುವುದಿಲ್ಲ, ನೆಟ್‌ವರ್ಕ್ ಡ್ರೈವ್‌ನ ಅಕ್ಷರವೂ ಕಾಣದೆ ಹೋಗಬಹುದು. ಇದಕ್ಕೆ ಡಿಸ್ಕಾರ್ಡನ್ನೂ ಅಡ್ಮಿನ್ ಮಾಡುವ ದಾರಿ ಇದೆ. ಹೊರಗಿನವರೊಡನೆ ಸದಾ ಮಾತಾಡುವ ಪ್ರೋಗ್ರಾಂಗೆ ಅಷ್ಟು ಅಧಿಕಾರ ಕೊಡುವ ಬದಲು ಗೇಮ್‌ನ ಟಿಕ್ ತೆಗೆಯುವ ದಾರಿ ಹುಡುಕುವುದು ಮೇಲು.

ನಕಲು ತಡೆಯುವ ಸೇಫ್‌ಡಿಸ್ಕ್ ಎಂಬ ರಕ್ಷಣೆ ಇರುವ ಹಳೆಯ ಸಿಡಿ ಗೇಮ್‌ಗಳ ಮೇಲೆ ಮಾತ್ರ ಸಮಯ ಕಳೆಯಬೇಡಿ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್ 10ರಿಂದ ಇಲ್ಲವೇ ಇಲ್ಲ, ಯಾವ ಅಧಿಕಾರ ಕೊಟ್ಟರೂ ಅವು ತೆರೆಯುವುದಿಲ್ಲ. ಅದೇ ಗೇಮ್ ಡಿಜಿಟಲ್ ಅಂಗಡಿಗಳಲ್ಲಿ ಸಿಕ್ಕರೆ ಕೊಳ್ಳಿ. ಅದಕ್ಕೆಂದು ಕ್ರ್ಯಾಕ್ (ಆ ರಕ್ಷಣೆ ಮುರಿಯುವ ಫೈಲ್) ಹುಡುಕಿ ಹೋದರೆ ಬರುವ ಸೂಚನೆ ಬಹುಮಟ್ಟಿಗೆ ಒಂದೇ: ಆ್ಯಂಟಿವೈರಸ್ ಆಫ್ ಮಾಡಿ, ಅಡ್ಮಿನ್ ಆಗಿ ಓಡಿಸಿ. ಆ ಎರಡನ್ನೂ ಒಟ್ಟಿಗೆ ಕೇಳುವ ಫೈಲನ್ನು ತೆರೆಯದೆ ಅಳಿಸಿ.

ಯುಎಸಿ ಪ್ರಶ್ನೆಯ ಕಿರಿಕಿರಿಗೆಂದು ಅದರ ಸ್ಲೈಡರನ್ನು ಕೆಳಕ್ಕೆ ಎಳೆಯುವವರಿದ್ದಾರೆ. ನಾಲ್ಕು ಹಂತಗಳಲ್ಲಿ ಮೇಲಿನಿಂದ ಎರಡನೆಯದು ವಿಂಡೋಸ್ ತಾನೇ ಇಟ್ಟಿರುವುದು, ಅಲ್ಲೇ ಇರಲಿ. ತೀರ ಕೆಳಗೆ ಇಟ್ಟರೆ ಅಡ್ಮಿನ್ ಅಕೌಂಟಿನಲ್ಲಿ ಅಧಿಕಾರ ಕೇಳಿದ ಪ್ರೋಗ್ರಾಂಗಳಿಗೆಲ್ಲ ನಿಮ್ಮನ್ನು ಕೇಳದೆಯೇ ಅದು ಸಿಗುತ್ತದೆ. ಪ್ರಶ್ನೆ ಬಂದಾಗ ಅದರ ಮೇಲ್ಭಾಗದ ಪಟ್ಟೆಯ ಬಣ್ಣ ನೋಡುವ ಅಭ್ಯಾಸವನ್ನು ಮಕ್ಕಳಿಗೂ ಕಲಿಸಿ. ನೀಲಿ ಇದ್ದರೆ ಪ್ರಕಾಶಕರ ಸಹಿ ತಾಳೆಯಾಗಿದೆ, ಹೆಸರು ಓದಿ ಮುಂದುವರಿಯಬಹುದು. ಹಳದಿ ಇದ್ದರೆ ಪ್ರಕಾಶಕರು ಯಾರೆಂದು ವಿಂಡೋಸ್‌ಗೂ ಗೊತ್ತಿಲ್ಲ. ಆಗ 'ನೋ' ಒತ್ತಿ, ಫೈಲ್ ಎಲ್ಲಿಂದ ಬಂತೆಂದು ವಿಚಾರಿಸಿ.