ಕಾರು ತಗ್ಗಲಿ, ಅಡಿ ತಾಗದಿರಲಿ

ಸ್ವಿಫ್ಟೋ, ಪೋಲೋವೋ, ಐ20ಯೋ ಮನೆಗೆ ಬಂದ ಕೂಡಲೇ ಹುಡುಗರ ಕಣ್ಣು ಬೀಳುವುದು ಟೈರಿನ ಮೇಲಿನ ಆ ಗ್ಯಾಪಿನ ಮೇಲೆ. ನಾಲ್ಕು ಬೆರಳು ಹೋಗುವಷ್ಟು ಜಾಗ ಯಾಕೆ ಬಿಟ್ಟಿದ್ದಾರೆ, ಸ್ವಲ್ಪ ಇಳಿಸಿದರೆ ಏನು ಲುಕ್ ಅಲ್ವಾ? ಇಳಿಸಬಹುದು. ಆದರೆ ಮಂಗಳೂರು, ಉಡುಪಿ ಕಡೆ ದಿನಾ ಓಡಿಸುವ ಕಾರನ್ನು ಎಷ್ಟು ಇಳಿಸಬೇಕು, ಹೇಗೆ ಇಳಿಸಬೇಕು ಅಂತ ಗ್ಯಾರೇಜಿಗೆ ಹೋಗುವ ಮೊದಲೇ ತೀರ್ಮಾನ ಮಾಡಿಕೊಂಡಿರಿ. ಇಲ್ಲದಿದ್ದರೆ ಅಲ್ಲಿ ಅವರಿಗೆ ಯಾವುದು ಸುಲಭವೋ ಅದನ್ನೇ ಮಾಡಿ ಕಳಿಸುತ್ತಾರೆ.

ಮೊದಲು ಟೇಪು ಹಿಡಿದುಕೊಳ್ಳಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಹೆಚ್ಚುಕಡಿಮೆ ಆದರೆ ಲೆಕ್ಕ ತಪ್ಪುತ್ತದೆ. ಚಕ್ರದ ನಟ್ಟನಡುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಿರಿ, ನಾಲ್ಕೂ ಚಕ್ರ. ಒಮ್ಮೆ ಖಾಲಿ ಕಾರಿನಲ್ಲಿ, ಇನ್ನೊಮ್ಮೆ ಮನೆಯವರನ್ನೆಲ್ಲ ಕೂರಿಸಿ ಡಿಕ್ಕಿಗೆ ಸಾಮಾನು ತುಂಬಿಸಿ. ಹಾಗೆಯೇ ಕೆಳಗೆ ಬಗ್ಗಿ ನೋಡಿ, ಕಾರಿನ ಎಲ್ಲಕ್ಕಿಂತ ತಗ್ಗಿನ ಜಾಗ ಯಾವುದು ಅಂತ. ಸಾಮಾನ್ಯವಾಗಿ ಅದು ಬಂಪರ್ ಅಲ್ಲ, ಸೈಲೆನ್ಸರ್ ಪೈಪೋ ಇಂಜಿನ್ ಕೆಳಗಿನ ಕಬ್ಬಿಣವೋ ಆಗಿರುತ್ತದೆ.

ಈಗ ಹಂಪಿನ, ಅಂದರೆ ಸ್ಪೀಡ್ ಬ್ರೇಕರಿನ ಲೆಕ್ಕ. ರಸ್ತೆ ಹೇಗಿರಬೇಕು ಅಂತ ಮಾನದಂಡ ಹಾಕುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಪ್ರಕಾರ ಹಂಪು ಕಾರು ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಸ್ವಿಫ್ಟಿನ ಮುಂದಿನ ಮತ್ತು ಹಿಂದಿನ ಚಕ್ರದ ಮಧ್ಯೆ ಇರುವುದು 2450 ಮಿಲಿಮೀಟರ್. ಅಂದರೆ ಸರಿಯಾದ ಹಂಪಿನ ಮೇಲೆ ನಾಲ್ಕೂ ಚಕ್ರ ಒಟ್ಟಿಗೆ ಹತ್ತಿ ಕೂರುತ್ತದೆ, ಕಾರಿನ ಹೊಟ್ಟೆಯ ಕಡೆಗೆ ಎದ್ದು ಬರುವುದು ಬರೀ 45 ಮಿಲಿಮೀಟರಿನಷ್ಟು. ಆದರೆ ನಮ್ಮ ಒಳರಸ್ತೆಗಳಲ್ಲಿ ಹಾಗೆ ಹಾಕಿದ ಹಂಪು ಎಲ್ಲುಂಟು ಮಾರಾಯ್ರೇ? ಸಣ್ಣ ಅಗಲಕ್ಕೆ ಗೋಡೆಯ ಹಾಗೆ ಎಬ್ಬಿಸಿರುತ್ತಾರೆ, ಆಗ ಆ 100 ಮಿಲಿಮೀಟರ್ ಪೂರ್ತಿ ಹೊಟ್ಟೆಯ ಕೆಳಗೇ ಬರುತ್ತದೆ. ಸ್ವಿಫ್ಟಿನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಕಾರಿನ ತಗ್ಗಿನ ಜಾಗದವರೆಗಿನ ಎತ್ತರ, 163 ಮಿಲಿಮೀಟರ್. 40 ಇಳಿಸಿದರೆ ಉಳಿಯುವುದು 123, ಅದರಲ್ಲಿ ಜನ ಕೂತಾಗ ಇನ್ನಷ್ಟು ಹೋಯಿತು. ಮತ್ತೆ ತಾಗದೆ ಇರುತ್ತದಾ? ಇದರ ಜೊತೆಗೆ ರಸ್ತೆಯಿಂದ ಎತ್ತರದಲ್ಲಿರುವ ಮನೆಗಳ ಗೇಟಿನ ಕಾಂಕ್ರೀಟ್ ಇಳಿಜಾರು ಬೇರೆ ಉಂಟು. ಮಳೆಗಾಲದಲ್ಲಿ ಕೊಟ್ಟಾರ ಚೌಕಿಯಲ್ಲೋ ಪಂಪ್‌ವೆಲ್ಲಿನಲ್ಲೋ ನೀರು ನಿಂತಾಗ ಕೆಳಗಿರುವ ಹೊಂಡ ಕಾಣುವುದೂ ಇಲ್ಲ. ನನ್ನ ಪ್ರಕಾರ ಇಲ್ಲಿ ದಿನಬಳಕೆಯ ಕಾರಿಗೆ 25 ಮಿಲಿಮೀಟರ್ ಸಾಕು, ಅದಕ್ಕಿಂತ ಜಾಸ್ತಿ ಬೇಡ.

ಇನ್ನು ದಾರಿ. ಎಲ್ಲಕ್ಕಿಂತ ಅಗ್ಗದ ದಾರಿ ಸ್ಪ್ರಿಂಗ್ ಕಟ್ ಮಾಡಿಸುವುದು, ಎಲ್ಲಕ್ಕಿಂತ ಅಪಾಯದ್ದೂ ಅದೇ. ಸ್ಪ್ರಿಂಗಿನ ತುದಿಯ ಸುತ್ತನ್ನು ಸುಮ್ನೆ ಹಾಗೆ ಮಾಡಿರುವುದಲ್ಲ, ಸೀಟಿನಲ್ಲಿ, ಅಂದರೆ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ, ಸರಿಯಾಗಿ ಕೂರಲಿ ಅಂತಲೇ ಆ ಆಕಾರ ಕೊಟ್ಟಿರುತ್ತಾರೆ. ಗ್ರೈಂಡರ್ ಹಿಡಿದು ಅದನ್ನು ಕತ್ತರಿಸಿದರೆ ಉಳಿದ ತುದಿ ಸೀಟಿನ ಮೇಲೆ ಒಂದು ಕಡೆಯಿಂದ ಚುಚ್ಚಿಕೊಂಡು ನಿಲ್ಲುತ್ತದೆ. ಅಷ್ಟೇ ಅಲ್ಲ, ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದು ಹೋದರೆ ಶೇಕಡಾ 20ರಷ್ಟು ಗಟ್ಟಿ. ಸ್ಪ್ರಿಂಗಿನ ಕುಣಿತ ತಡೆಯುವ ಕಂಪನಿಯ ಶಾಕ್ ಅಬ್ಸಾರ್ಬರ್ ಮಾಡಿರುವುದು ಹಳೆಯ ಸ್ಪ್ರಿಂಗಿಗೆ, ಈ ಗಟ್ಟಿ ಸ್ಪ್ರಿಂಗನ್ನು ಅದರಿಂದ ಹಿಡಿಯಲು ಆಗುವುದಿಲ್ಲ, ಕಾರು ಕುಣಿಯುತ್ತಾ ಹೋಗುತ್ತದೆ. ಇನ್ನೂ ಭಯ ಹುಟ್ಟಿಸುವ ವಿಷಯವೆಂದರೆ, ಚಕ್ರ ಹೊಂಡಕ್ಕೆ ಇಳಿದು ಪೂರ್ತಿ ನೇತಾಡಿದಾಗ ಗಿಡ್ಡವಾದ ಸ್ಪ್ರಿಂಗ್ ಸಡಿಲವಾಗಿ ಸೀಟಿನಿಂದ ಜಾರಬಹುದು. ಕತ್ತರಿಸುವುದಿಲ್ಲ, ಗ್ಯಾಸಿನಲ್ಲಿ ಕಾಯಿಸಿ ಕೂರಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಕಾರು ತಿರುಗಿಸಿಕೊಂಡು ಬನ್ನಿ. ಕಾಯಿಸಿದ ಉಕ್ಕು ತನ್ನ ಹದ ಕಳೆದುಕೊಳ್ಳುತ್ತದೆ, ಆಮೇಲೆ ಅದು ಎಲ್ಲಿಯವರೆಗೆ ಕುಸಿಯುತ್ತದೋ ಹೇಳಲಾಗದು.

ಎರಡನೆಯದು ನಿಮ್ಮ ಮಾಡೆಲ್ಲಿಗೆಂದೇ ಮಾಡಿದ ಲೋವರಿಂಗ್ ಸ್ಪ್ರಿಂಗ್. ಹಳೆಯ ಶಾಕ್ ಒಳ್ಳೆಯದಿದ್ದು, ಇಳಿಸುವುದೂ ಸ್ವಲ್ಪವೇ ಆದರೆ ಇದು ನಡೆಯುತ್ತದೆ. ಬಾನೆಟ್ ಒತ್ತಿ ಬಿಟ್ಟು ನೋಡಿ, ಒಮ್ಮೆ ಮೇಲೆ ಬಂದು ನಿಂತರೆ ಸರಿ, ಎರಡು ಮೂರು ಸಲ ಕುಣಿದರೆ ಶಾಕ್ ಹೋಗಿದೆ ಅಂತಲೇ. ಮೂರನೆಯದು ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಶಾಕ್ ಎರಡೂ ಒಟ್ಟಿಗೆ ಬರುವ ಕಿಟ್. ದುಡ್ಡು ಜಾಸ್ತಿ, ಆದರೆ ನಾನು ಯಾರಿಗೇ ಆದರೂ ಹೇಳುವುದು ಇದನ್ನೇ. ಶಾಕಿನ ಸುತ್ತಲೇ ಸ್ಪ್ರಿಂಗ್ ಇರುವ ಕಾಯಿಲೋವರ್‌ನಲ್ಲಿ ಎತ್ತರವನ್ನು ತಿರುಪಿ ಹೊಂದಿಸಬಹುದು, ಆದರೆ ಮಲ್ಪೆ, ಸುರತ್ಕಲ್ ಕಡೆಯ ಉಪ್ಪು ಗಾಳಿಗೆ ಆ ತಿರುಪು ತುಕ್ಕು ಹಿಡಿದು ಕಚ್ಚಿಕೊಂಡರೆ ಮತ್ತೆ ಅಲ್ಲಾಡುವುದಿಲ್ಲ, ಆಗಾಗ ತೊಳೆದು ನೋಡಿಕೊಳ್ಳುವ ತಾಳ್ಮೆ ಇದ್ದವರಿಗೆ ಮಾತ್ರ ಅದು. ಸ್ಪ್ರಿಂಗಿನ ಬದಲು ಗಾಳಿ ಚೀಲ ಇರುವ ಏರ್ ಸಸ್ಪೆನ್ಷನ್ ಶೋ ಕಾರಿನವರಿಗೆ ಬಿಟ್ಟುಬಿಡಿ.

ಮನೆಯಲ್ಲೇ ಬಿಚ್ಚಲು ಹೋಗಬೇಡಿ. ಸ್ಪ್ರಿಂಗ್, ಶಾಕ್ ಒಟ್ಟಿಗೆ ಜೋಡಿಸಿರುವ ಮುಂದಿನ ಸ್ಟ್ರಟ್ ಬಿಚ್ಚಬೇಕಾದರೆ ಸ್ಪ್ರಿಂಗನ್ನು ಸ್ಪ್ರಿಂಗ್ ಕಂಪ್ರೆಸರ್ ಎಂಬ ಸಾಧನದಲ್ಲಿ ಹಿಡಿದು ಒತ್ತಬೇಕು, ಅದು ಜಾರಿದರೆ ಕೈಯೋ ಮುಖವೋ ಉಳಿಯುವುದಿಲ್ಲ. ಆದರೆ ಕೆಲಸ ಆಗುವಾಗ ಹತ್ತಿರ ನಿಂತು ನೋಡಿ. ಹೊಸ ಸ್ಪ್ರಿಂಗ್ ಹಾಕಿ ಕಾರು ಇನ್ನೂ ಲಿಫ್ಟಿನ ಮೇಲಿರುವಾಗ, ಚಕ್ರ ಪೂರ್ತಿ ನೇತಾಡುತ್ತಿರುವಾಗ, ಸ್ಪ್ರಿಂಗನ್ನು ಕೈಯಲ್ಲಿ ಅಲ್ಲಾಡಿಸಲು ಹೇಳಿ. ಅಲ್ಲಾಡಬಾರದು, ಬಿಗಿಯಾಗಿ ಹಿಡಿದುಕೊಂಡಿರಬೇಕು. ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಪೆಟ್ಟು ತಡೆಯುವ ಬಂಪ್ ಸ್ಟಾಪ್ ರಬ್ಬರನ್ನು ಎಷ್ಟು ಗಿಡ್ಡ ಮಾಡಬೇಕು ಅಂತ ಕಿಟ್ಟಿನ ಕಾಗದದಲ್ಲಿ ಬರೆದಿದ್ದರೆ ಅಷ್ಟೇ ಮಾಡಿ, ತೆಗೆದು ಬಿಸಾಡಬೇಡಿ. ಶಿರಾಡಿಯ ತಿರುವಿನಲ್ಲಿ ಹೊಂಡಕ್ಕೆ ಬಿದ್ದಾಗ ಸಸ್ಪೆನ್ಷನ್ ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಆ ಚಕ್ರದ ಹಿಡಿತ ಅಲ್ಲೇ ತಪ್ಪುತ್ತದೆ.

ಹೆಚ್ಚಿನವರು ಗಮನಿಸದ ಒಂದು ವಿಷಯ ಉಂಟು. ಚಕ್ರವನ್ನು ಕಾರಿನ ಕೆಳಭಾಗಕ್ಕೆ ಹಿಡಿದಿಡುವ ಲೋವರ್ ಆರ್ಮಿನ ಬುಷ್ (ರಬ್ಬರ್ ಕೀಲು) ಬೋಲ್ಟುಗಳನ್ನು ಬಿಚ್ಚಿದ್ದರೆ ಕೊನೆಯ ಬಿಗಿತ ಕೊಡಬೇಕಾದದ್ದು ಕಾರಿನ ಭಾರ ಚಕ್ರದ ಮೇಲೆ ಇರುವಾಗ. ನೇತಾಡುವಾಗಲೇ ಬಿಗಿದರೆ ಕಾರು ಕೆಳಗಿಳಿದ ಕೂಡಲೇ ಒಳಗಿನ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಬ್ರೇಕ್ ಹೋಸ್, ಎಬಿಎಸ್ ವಯರ್ ಎಲ್ಲೂ ಉಜ್ಜದಂತೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ.

ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿ, ಕೆಲವು ನೂರು ಕಿಲೋಮೀಟರ್ ಓಡಿ ಸ್ಪ್ರಿಂಗ್ ಕೂತ ಮೇಲೆ ಇನ್ನೊಮ್ಮೆ. ತಗ್ಗಿಸಿದ ಕಾರಿನ ಚಕ್ರ ಸ್ವಲ್ಪ ಒಳಕ್ಕೆ ವಾಲುವುದರಿಂದ ಟೈರಿನ ಒಳಬದಿ ಬೇಗ ಸವೆಯುತ್ತದೆ, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಕೈ ಹಾಕಿ ಸವರಿ ನೋಡಬೇಕು. ಹೆಡ್‌ಲೈಟನ್ನೂ ಹೊಸದಾಗಿ ಸೆಟ್ ಮಾಡಿಸಿ.

ಕಾನೂನಿನ ಮಾತೂ ಉಂಟು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನ ಬದಲಾಯಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. 182ಎ ಸೆಕ್ಷನ್ ಪ್ರಕಾರ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಹಾಗಾಗಿ ದುಡ್ಡು ಕೊಡುವ ಮೊದಲು ನಿಮ್ಮ ಆರ್‌ಟಿಓದಲ್ಲಿ ಕೇಳಿ, ಇನ್ಶೂರೆನ್ಸಿನವರಿಂದ ಬರಹದಲ್ಲಿ ಉತ್ತರ ತಗೊಳ್ಳಿ. ಅವರಿಗೆ ಹೇಳದೆ ಮಾಡಿಸಿದ್ದು ಆಕ್ಸಿಡೆಂಟ್ ಆದಾಗ ಕ್ಲೇಮಿಗೆ ಅಡ್ಡ ಬರಬಹುದು. ಬಿಚ್ಚಿದ ಕಂಪನಿ ಸ್ಪ್ರಿಂಗು, ಶಾಕ್ ಮಾತ್ರ ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಗ್ರೀಸ್ ಹಚ್ಚಿ, ಯಾವುದು ಎಡ, ಯಾವುದು ಬಲ ಅಂತ ಬರೆದು ಕಟ್ಟಿಡಿ. ಕಾರು ಮಾರುವಾಗ ಬೇಕಾಗುತ್ತದೆ.