ಪಲ್ಲಾಸ್ ಗಲ್: ಮೊದಲು ಕೊಕ್ಕು ನೋಡಿ

ಚಳಿಗಾಲದಲ್ಲಿ ಮಲ್ಪೆಗೆ ಹೋಗಿ ಬಂದವರು ಫೋಟೊ ಕಳಿಸುತ್ತಾರೆ. ‘ಪಲ್ಲಾಸ್ ಗಲ್ ಸಿಕ್ತು!’ ನೋಡಿದರೆ ಎಷ್ಟೋ ಸಲ ಅದು ಹ್ಯೂಗ್ಲಿನ್ ಗಲ್. ಗಲ್ ಅಂದರೆ ಕಡಲ ಹಕ್ಕಿ, ಇವು ಅದರ ಎರಡು ಜಾತಿಗಳು. ಎರಡೂ ದೊಡ್ಡ ಹಕ್ಕಿಗಳೇ, ಹಾಗಾಗಿ ಗಾತ್ರವನ್ನೊಂದೇ ನಂಬಬೇಡಿ.

ನವೆಂಬರ್‌ನಿಂದ ಮಾರ್ಚ್‌ವರೆಗೆ, ಕಡಲಿನ ಇಳಿತದ ಹೊತ್ತಿಗೆ, ಮಲ್ಪೆ ಹತ್ತಿರದ ಕೋಡಿ ಬೆಂಗ್ರೆಯಂಥ, ನದಿ ಕಡಲು ಸೇರುವ ಅಳಿವೆಗೆ ಹೋಗಿ. ಬೆಳಿಗ್ಗೆಯೇ ಹೋಗಿ. ನಮ್ಮ ಕಡಲು ಪಶ್ಚಿಮಕ್ಕಿದೆ ಅಲ್ವಾ, ಸಂಜೆ ಎದುರು ಬಿಸಿಲಿಗೆ ಎಲ್ಲ ಹಕ್ಕಿಯೂ ಕಪ್ಪಗೇ ಕಾಣುತ್ತದೆ.

ಬೈನಾಕ್ಯುಲರ್ 8 ಪಟ್ಟು ಹಿಗ್ಗಿಸಿದರೆ ಸಾಕು. 30 ಪಟ್ಟು, 60 ಪಟ್ಟು ಎಂದು ಅಗ್ಗಕ್ಕೆ ಮಾರುವುದನ್ನು ಕೊಳ್ಳಲೇಬೇಡಿ. ಕೈ ನಡುಗಿ ಏನೂ ಕಾಣುವುದಿಲ್ಲ.

ಈಗ ಕಷ್ಟದ ಭಾಗ. ಗುಂಪಿನಲ್ಲಿ ಜಾಸ್ತಿ ಇರುವುದು ಕಂದು ತಲೆಯ ಗಲ್. ಅದು ಸುಮಾರು 42 ಸೆಂ.ಮೀ. ಉದ್ದ. ಪಲ್ಲಾಸ್ 60ರಿಂದ 72. ಪಕ್ಕದಲ್ಲಿ ನಿಂತರೆ ಅಣ್ಣ-ತಮ್ಮನಂತೆ ಕಾಣುತ್ತವೆ. ದೊಡ್ಡದು ಸಿಕ್ಕಿತೇ? ಕೊಕ್ಕು ನೋಡಿ. ಬೆಳೆದ ಪಲ್ಲಾಸ್‌ಗೆ ದಪ್ಪ ಹಳದಿ ಕೊಕ್ಕು, ತುದಿಯ ಹತ್ತಿರ ಕಪ್ಪು ಪಟ್ಟಿ, ಜೊತೆಗೆ ಕೆಂಪು. ಹ್ಯೂಗ್ಲಿನ್‌ಗೆ ಕೆಳಗಿನ ಕೊಕ್ಕಿನಲ್ಲಿ ಒಂದು ಕೆಂಪು ಚುಕ್ಕೆ, ಅಷ್ಟೇ. ಆಮೇಲೆ ಕಣ್ಣು. ಚಳಿಗಾಲದಲ್ಲಿ ಪಲ್ಲಾಸ್‌ನ ಕಣ್ಣಿನ ಹಿಂದೆ ಮಸಿ ಒರೆಸಿದಂತೆ ಕಪ್ಪು, ಕಣ್ಣಿನ ಮೇಲೆ ಕೆಳಗೆ ಬಿಳಿ ಗೆರೆ. ಹಣೆ ಇಳಿಜಾರಾಗಿ ಕೊಕ್ಕಿಗೆ ಸೇರುತ್ತದೆ. ಬೆನ್ನು ತಿಳಿ ಬೂದಿ. ಹ್ಯೂಗ್ಲಿನ್‌ನದು ಸ್ಲೇಟಿನಷ್ಟು ಗಾಢ. ಹಾರುವಾಗ ರೆಕ್ಕೆಯ ತುದಿ ನೋಡಿ: ಪಲ್ಲಾಸ್‌ಗೆ ಬಿಳಿ ಜಾಸ್ತಿ, ಹ್ಯೂಗ್ಲಿನ್‌ಗೆ ಕಪ್ಪು ಜಾಸ್ತಿ.

ಫೆಬ್ರುವರಿ ಹೊತ್ತಿಗೆ ಪಲ್ಲಾಸ್ ತಲೆ ಪೂರ್ತಿ ಕಪ್ಪಾಗತೊಡಗುತ್ತದೆ. ಆಗ ಸುಲಭ ಅನ್ನಿಸುತ್ತದೆ, ಆದರೆ ಕಂದು ತಲೆಯದೂ ಆಗಲೇ ಬಣ್ಣ ಬದಲಿಸುತ್ತಿರುತ್ತದೆ. ಅದಕ್ಕೇ ಕೊಕ್ಕು ಮೊದಲು ಎನ್ನುವುದು. ಪಲ್ಲಾಸ್ ಮರಿಗಳು ದೊಡ್ಡವರ ಬಣ್ಣಕ್ಕೆ ಬರಲು ಸುಮಾರು ನಾಲ್ಕು ವರ್ಷ ಬೇಕು. ಮೊದಲ ಚಳಿಗಾಲದ ಮರಿಗೆ ಬಿಳಿ ಬಾಲದ ತುದಿಯಲ್ಲಿ ಅಚ್ಚುಕಟ್ಟಾದ ಕಪ್ಪು ಪಟ್ಟಿ ಇರುತ್ತದೆ. ಗೊತ್ತಾಗದಿದ್ದರೆ ‘ದೊಡ್ಡ ಗಲ್’ ಎಂದಷ್ಟೇ ಬರೆದುಕೊಳ್ಳಿ. ಮಸುಕು ಫೋಟೊಗೆ ಮೊಬೈಲ್ ಆ್ಯಪ್ ಕೊಟ್ಟ ಹೆಸರನ್ನು ನಾನಂತೂ ಒಪ್ಪುವುದಿಲ್ಲ.

ಫೋಟೊಗಾಗಿ ಖಾರ ಮಿಕ್ಸ್ಚರ್ ಎಸೆಯಬೇಡಿ, ಗುಂಪಿನತ್ತ ಓಡಬೇಡಿ. ಮಧ್ಯ ಏಷ್ಯಾದ ಸರೋವರಗಳಿಂದ ಹಾರಿ ಬಂದ ಹಕ್ಕಿಗಳು ಅವು, ಇಲ್ಲಿ ದಣಿವಾರಿಸಿಕೊಳ್ಳುತ್ತಿವೆ. ಮೆಲ್ಲಗೆ ಹೋಗಿ. ಒಂದೊಂದಾಗಿ ತಲೆ ಎತ್ತಿ ನಿಮ್ಮನ್ನೇ ನೋಡತೊಡಗಿದರೆ ಅಲ್ಲೇ ಕೂತುಬಿಡಿ.