ಸಿನಿಮಾ ಮುಗಿದ ಮೇಲಿನ ಕೂಟ: ಕಾಸರಗೋಡಿನಲ್ಲಿ ಚಿತ್ರಸಮಾಜ ನಡೆಸಿದ ನನ್ನ ಅನುಭವ

ಊರಿನಲ್ಲಿ ಚಿತ್ರಸಮಾಜ, ಅಂದರೆ ಫಿಲಂ ಸೊಸೈಟಿ, ಶುರು ಮಾಡಬೇಕೆಂದಿರುವವರು ನನಗೆ ಫೋನ್ ಮಾಡಿದರೆ ಮೊದಲು ಕೇಳುವುದು ಯಾವ ಪ್ರೊಜೆಕ್ಟರ್ ತೆಗೆದುಕೊಳ್ಳಬೇಕು ಅಂತ. ಅದನ್ನು ಹೇಳುವುದಕ್ಕೆ ಮುಂಚೆ ನಾನು ಇನ್ನೊಂದು ಕೇಳುತ್ತೇನೆ: ನಿಮ್ಮ ಊರಿನಲ್ಲಿ ತಾಳಮದ್ದಳೆಗೆ ಬಂದು ಕೂರುವವರು ಯಾರೆಲ್ಲ? ಅವರ ಮನೆಗಳಿಗೆ ಹೋಗಿ ಕರೆಯಿರಿ. ಬದಿಯಡ್ಕದ ಆಸುಪಾಸಿನ ನಮ್ಮ ಚಿತ್ರಸಮಾಜ ಇಷ್ಟು ವರ್ಷ ನಿಂತಿರುವುದು ಅಂಥವರಿಂದ.

ಇದು ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಸೀಮೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತಿನಲ್ಲಿ ವಾಲಿ ರಾಮನನ್ನು ನಿಲ್ಲಿಸಿ ಪ್ರಶ್ನೆ ಕೇಳುವುದನ್ನು ಇಲ್ಲಿಯ ಜನ ಗಂಟೆಗಟ್ಟಲೆ ಕೇಳುತ್ತಾರೆ. ಮರುದಿನ ಅಡಿಕೆ ಸುಲಿಯುತ್ತಾ, ನಿನ್ನೆಯ ರಾಮನ ಉತ್ತರ ಸಾಲಲಿಲ್ಲ ಎಂದು ವಾದವನ್ನು ಮುಂದುವರಿಸುತ್ತಾರೆ. ಇಂಥ ಪ್ರೇಕ್ಷಕರಿಗೆ ಸಿನಿಮಾ ನೋಡುವುದನ್ನು ಕಲಿಸಲು ಹೊರಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕಥೆಯೊಳಗಿನ ನ್ಯಾಯ ಅನ್ಯಾಯ ತೂಗುವುದು ಅವರಿಗೆ ಚೆನ್ನಾಗಿ ಗೊತ್ತು. ಅವರ ಕೈಗೆ ಮೈಕು ಕೊಡುವುದಷ್ಟೇ ನಮ್ಮ ಕೆಲಸ.

ಗಡಿನಾಡಿನಲ್ಲಿರುವುದರಿಂದ ನಮಗೆ ಎರಡೂ ಕಡೆಯ ಹಿರಿಯರ ದಾರಿ ಸಿಕ್ಕಿದೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿ, ಲೋಕದ ಒಳ್ಳೆಯ ಸಿನಿಮಾಗಳನ್ನು ಹಳ್ಳಿಯವರ ಮುಂದಿಟ್ಟರು. ತಿರುವನಂತಪುರದಲ್ಲಿ ಅಡೂರು ಗೋಪಾಲಕೃಷ್ಣನ್ ಮತ್ತು ಸಂಗಡಿಗರು 1965ರಲ್ಲೇ ಚಿತ್ರಲೇಖ ಫಿಲಂ ಸೊಸೈಟಿ ಆರಂಭಿಸಿದ್ದರು. 1984ರಲ್ಲಿ ಮಲಯಾಳದ ನಿರ್ದೇಶಕ ಜಾನ್ ಅಬ್ರಹಾಂ ಒಡೆಸ್ಸ ಎಂಬ ಬಳಗ ಕಟ್ಟಿಕೊಂಡು, ಊರೂರು ಸುತ್ತಿ ಸಿನಿಮಾ ತೋರಿಸಿ, ಜನರಿಂದ ಕೂಡಿಸಿದ ದುಡ್ಡಿನಲ್ಲೇ ಸಿನಿಮಾ ಮಾಡಿದರು. ಕನ್ನಡದವರಿಗೆ ಜಾನ್ ಕಥೆಯನ್ನೂ, ಮಲಯಾಳದ ಗೆಳೆಯರಿಗೆ ಸುಬ್ಬಣ್ಣನವರ ಕಥೆಯನ್ನೂ ಹೇಳುತ್ತಾ ನಾವು ಸದಸ್ಯರನ್ನು ಕೂಡಿಸಿದೆವು.

ಜಾಗಕ್ಕೆ ನಾವು ಹುಡುಕಾಡಲಿಲ್ಲ. ಪಿ.ಎನ್. ಪಣಿಕ್ಕರ್ 1945ರಲ್ಲಿ ಆರಂಭಿಸಿದ ಗ್ರಂಥಾಲಯ ಚಳವಳಿಯಿಂದಾಗಿ ಕೇರಳದಲ್ಲಿ ಹಳ್ಳಿಹಳ್ಳಿಗೂ ವಾಚನಾಲಯ ಇದೆ. ನಮ್ಮ ವಾಚನಾಲಯದ ಮಾಳಿಗೆಯಲ್ಲಿ ಶೀಟು ಹೊದೆಸಿದ ಉದ್ದನೆಯ ಕೋಣೆ ಖಾಲಿ ಬಿದ್ದಿತ್ತು. ತಿಂಗಳ ಎರಡನೆಯ ಶನಿವಾರ, ಸಂಜೆ ಆರೂವರೆ. ದಿನ ಬದಲಾಯಿಸುವುದಿಲ್ಲ ಎಂಬುದನ್ನು ವ್ರತದ ಹಾಗೆ ಪಾಲಿಸಿದ್ದೇವೆ. ನಾಲ್ಕೇ ಜನ ಬಂದರೂ ಪರದೆ ಬೆಳಗುತ್ತದೆ ಎಂದು ಊರಿಗೆ ಗೊತ್ತಾದರೆ ಆಮೇಲೆ ಜನ ತಾವಾಗಿ ಬರುತ್ತಾರೆ.

ಈಗ ಪ್ರೊಜೆಕ್ಟರ್ ವಿಷಯ. ಹತ್ತು ಅಡಿ ಅಗಲದ ಪರದೆಗೆ 3500 ಲ್ಯೂಮೆನ್ ಬೆಳಕಿನದ್ದು ಕತ್ತಲೆ ಕೋಣೆಯಲ್ಲಿ ಧಾರಾಳ ಸಾಕು. ಥ್ರೋ ಅನುಪಾತ, ಅಂದರೆ ಪರದೆಯ ಅಗಲದ ಎಷ್ಟು ಪಟ್ಟು ದೂರದಲ್ಲಿ ಇಡಬೇಕು ಎಂಬ ಲೆಕ್ಕ, 1.5 ಇದ್ದರೆ ಪರದೆಯಿಂದ ಹದಿನೈದು ಅಡಿ ದೂರದಲ್ಲಿ ಇಡಬೇಕಾಗುತ್ತದೆ, ಅಂದರೆ ಜನರ ನಡುವೆಯೇ. ಹಾಗಾಗಿ ತೂಗುಹಾಕುವ ಕಬ್ಬಿಣದ ಚೌಕಟ್ಟನ್ನು ಮೊದಲೇ ಮಾಡಿಸಿ. ಲ್ಯಾಂಪ್ ಇರುವ ಪ್ರೊಜೆಕ್ಟರ್ ಆದರೆ ಇನ್ವರ್ಟರ್ ಬೇಕೇ ಬೇಕು. ಕರೆಂಟ್ ಹೋದ ಕೂಡಲೇ ಫ್ಯಾನ್ ನಿಂತು ಲ್ಯಾಂಪ್ ಬಿಸಿಯಲ್ಲೇ ಉಳಿದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ. ಎಚ್‌ಡಿಎಂಐ ಕೇಬಲ್ ಹತ್ತು ಮೀಟರ್ ದಾಟಿದರೆ ಚಿತ್ರ ಕಡಿದು ಕಡಿದು ಬರುವುದುಂಟು. ಲ್ಯಾಪ್‌ಟಾಪನ್ನು ಹತ್ತಿರ ಇಟ್ಟು, ಧ್ವನಿಯ ತಂತಿಯನ್ನು ಉದ್ದ ಎಳೆಯುವುದು ಲೇಸು. ದುಡ್ಡು ಉಳಿದರೆ ಒಳ್ಳೆಯ ಸ್ಪೀಕರಿಗೆ ಹಾಕಿ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ.

ಮಾತು ಕೇಳಿಸದ ಕಾಲವೊಂದು ನಮ್ಮಲ್ಲಿ ವರ್ಷವೂ ಬರುತ್ತದೆ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಜಿಲ್ಲೆ ಇದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಶೀಟಿನ ಮಾಡಿನ ಕೆಳಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಆದ್ದರಿಂದ ಮಳೆಗಾಲವನ್ನು ಮೂಕಿ ಚಿತ್ರಗಳಿಗೆ ಮೀಸಲಿಟ್ಟೆವು. ಮೊದಲ ಸಲ ಚಾಪ್ಲಿನ್ 1917ರಲ್ಲಿ ಮಾಡಿದ ಕಿರುಚಿತ್ರ ಹಾಕಿದಾಗ ಹೈಸ್ಕೂಲಿನ ಒಬ್ಬ ಹುಡುಗ ಮದ್ದಳೆ ತಂದು ಪರದೆಯ ಪಕ್ಕ ಕೂತ. ಚಾಪ್ಲಿನ್ ಓಡಿದಾಗ ಬೆರಳು ಓಡಿಸಿದ, ಬಿದ್ದಾಗ ಒಂದೇ ಪೆಟ್ಟು. ಮುಂದಿನ ಸಾಲಿನ ಪುಟ್ಟ ಮಕ್ಕಳು ಚಿತ್ರ ಒಮ್ಮೆ, ಹುಡುಗನ ಕೈ ಒಮ್ಮೆ ನೋಡುತ್ತಿದ್ದರು. ಕನ್ನಡ, ತುಳು, ಮಲಯಾಳಂ, ಕೊಂಕಣಿ, ಮರಾಠಿ, ಬ್ಯಾರಿ, ಉಪ್ಪಳ ಕಡೆಯ ಉರ್ದು, ಹೀಗೆ ಸಪ್ತಭಾಷೆಯ ಮನೆಗಳಿಂದ ಬಂದವರು ಒಂದೇ ಗಳಿಗೆಯಲ್ಲಿ ನಕ್ಕದ್ದನ್ನು ನಾನು ಅಂದೇ ನೋಡಿದ್ದು.

ಹಕ್ಕಿನ ವಿಷಯದಲ್ಲಿ ಸಡಿಲ ಬೇಡ. ಮನೆಯಲ್ಲಿ ನೋಡಲೆಂದು ಕಟ್ಟಿದ ಒಟಿಟಿ ಚಂದಾದಲ್ಲಿ ಊರಿಗೆಲ್ಲ ತೋರಿಸುವ ಅನುಮತಿ ಸೇರಿರುವುದಿಲ್ಲ. ಟಿಕೆಟ್ ಇಲ್ಲ ಅಂದಮಾತ್ರಕ್ಕೆ ಸಿನಿಮಾ ತೋರಿಸುವ ಹಕ್ಕು ಬರುವುದೂ ಇಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಇರುತ್ತದೆ. ಶಾಲೆಯ ಚಟುವಟಿಕೆಯಾಗಿ, ಅಲ್ಲಿನ ಅಧ್ಯಾಪಕರು, ಮಕ್ಕಳು, ಹೆತ್ತವರಿಗೆ ಮಾತ್ರ ತೋರಿಸುವುದಕ್ಕೆ ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಉಳಿದದ್ದಕ್ಕೆಲ್ಲ ನಾವು ನಿರ್ದೇಶಕರಿಗೆ ಅಥವಾ ನಿರ್ಮಾಪಕರಿಗೆ ಬರೆಯುತ್ತೇವೆ. ಊರು, ಜನ, ಉದ್ದೇಶ ವಿವರಿಸಿ ಪ್ರಾಮಾಣಿಕವಾಗಿ ಕೇಳಿದರೆ ಬಹಳ ಮಂದಿ ಸಂತೋಷದಿಂದ ಒಪ್ಪುತ್ತಾರೆ. ಕೆಲವರು ತಾವೇ ಬಸ್ಸು ಹತ್ತಿ ಬಂದಿದ್ದಾರೆ. ಸೆನ್ಸಾರ್ ಪ್ರಮಾಣಪತ್ರ ಇಲ್ಲದ ಚಿತ್ರಗಳನ್ನು ಸಾರ್ವಜನಿಕವಾಗಿ ತೋರಿಸಲು 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಕೇಂದ್ರ ಸರಕಾರದ ವಿನಾಯಿತಿ ಬೇಕು. ಉತ್ಸವ ಮಾಡುವವರು ಈ ಅರ್ಜಿಯನ್ನು ಮೊದಲು ಹಾಕಿ, ಆಮೇಲೆ ಪೋಸ್ಟರ್ ಮುದ್ರಿಸಿ.

ಉಪಶೀರ್ಷಿಕೆ ನಮ್ಮ ಅತಿ ದೊಡ್ಡ ಕೆಲಸ. ಮಲಯಾಳಂ ಸಿನಿಮಾಕ್ಕೆ ಕನ್ನಡದಲ್ಲಿ, ಕನ್ನಡ ಮತ್ತು ತುಳು ಸಿನಿಮಾಕ್ಕೆ ಮಲಯಾಳದಲ್ಲಿ ಅಕ್ಷರ ಇರಲೇಬೇಕು ಎಂದು ನಿಯಮ ಮಾಡಿಕೊಂಡೆವು. ಈ ಕೆಲಸಕ್ಕೆ ಕೂತವರು ಎರಡೂ ಭಾಷೆ ಬಲ್ಲ ಕಾಲೇಜು ಮಕ್ಕಳು. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶ ಸಾಕು. ಒಂದು ಸಾಲಿನಲ್ಲಿ ಐದಾರು ಪದ, ಒಮ್ಮೆಗೆ ಎರಡೇ ಸಾಲು. ಕಡತವನ್ನು ಎಲ್ಲ ಭಾಷೆಯ ಲಿಪಿಯೂ ಹಿಡಿಸುವ ಯುಟಿಎಫ್-8 ಎಂಬ ಸಂಕೇತ ಕ್ರಮದಲ್ಲಿ ಉಳಿಸದಿದ್ದರೆ ಅಕ್ಷರದ ಬದಲು ಅರ್ಥವಿಲ್ಲದ ಗುರುತುಗಳು ಬರುತ್ತವೆ. ಕೆಲವು ಪ್ಲೇಯರ್‌ಗಳಲ್ಲಿ ಒತ್ತಕ್ಷರ ಕಳಚಿ ಬೀಳುವುದೂ ಇದೆ. ಅದಕ್ಕೇ ನಿರ್ಮಾಪಕರನ್ನು ಕೇಳಿಕೊಂಡು ಅಕ್ಷರಗಳನ್ನು ಚಿತ್ರದಲ್ಲೇ ಅಚ್ಚೊತ್ತಿದ ಪ್ರತಿ ಮಾಡುತ್ತೇವೆ. ಇನ್ನೊಂದು ಸಂಗತಿ ಯಾವ ಕೈಪಿಡಿಯಲ್ಲೂ ನನಗೆ ಕಾಣಲಿಲ್ಲ: ಸಪಾಟು ನೆಲದ ಕೋಣೆಯಲ್ಲಿ ಹಿಂದಿನ ಸಾಲಿನವರಿಗೆ ಪರದೆಯ ಕೆಳಭಾಗ ಕಾಣುವುದಿಲ್ಲ. ಪರದೆಯ ಅಂಚು ನೆಲದಿಂದ ಐದು ಅಡಿ ಮೇಲಿರಲಿ. ಮಾಡು ತಗ್ಗಾಗಿದ್ದರೆ ಮುಂದಿನವರಿಗೆ ಚಾಪೆ ಹಾಸಿ.

ಓದಲು ಬಾರದವರೂ ಬರುತ್ತಾರೆ. ಬೀಡಿ ಕಟ್ಟುವ ಕೆಲವು ಹಿರಿಯ ಹೆಂಗಸರು ಒಂದು ಶನಿವಾರವೂ ತಪ್ಪಿಸುವುದಿಲ್ಲ. ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿಯದ ಮಕ್ಕಳೂ ಇದ್ದಾರೆ, ಅವರಿಗೂ ಕನ್ನಡ ಅಕ್ಷರ ಓದಲಾಗುವುದಿಲ್ಲ. ಇದನ್ನು ನೋಡಿದಾಗಲೆಲ್ಲ ಕನ್ನಡ ಶಾಲೆಯ ಅಧ್ಯಾಪಕನಾದ ನನಗೆ ಸಂಕಟವಾಗುತ್ತದೆ. ಇವರೆಲ್ಲರಿಗೆ ಬಲಬದಿಯ ಮೂಲೆಯೊಂದನ್ನು ಬಿಟ್ಟಿದ್ದೇವೆ. ಅಲ್ಲಿ ಒಬ್ಬರು ಕೂತು ತಗ್ಗಿದ ದನಿಯಲ್ಲಿ ಮಾತುಗಳನ್ನು ತುಳುವಿನಲ್ಲೋ ಕನ್ನಡದಲ್ಲೋ ಹೇಳುತ್ತಾ ಹೋಗುತ್ತಾರೆ. ಉಳಿದವರಿಗೆ ತೊಂದರೆಯಾಗಬಹುದು ಎಂದಿದ್ದೆವು. ಈಗ ಅಕ್ಷರ ಬಲ್ಲವರೇ ಆ ಮೂಲೆಯಲ್ಲಿ ಜಾಗ ಹಿಡಿಯುತ್ತಾರೆ.

ಸಿನಿಮಾ ಮುಗಿದ ಮೇಲಿನ ಚರ್ಚೆಗೆ ಒಂದು ಕ್ರಮ ತಂದವರು ನಮ್ಮ ಊರಿನ ಹಿರಿಯ ಅರ್ಥಧಾರಿ, ಅಂದರೆ ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವವರೊಬ್ಬರು. “ಹೇಗನಿಸಿತು ಅಂತ ಕೇಳಿದರೆ ಚೆನ್ನಾಗಿತ್ತು ಅಂತಾರೆ, ಮುಗೀತು. ಪಾತ್ರ ಕೊಡಿ ಮಾಷ್ಟ್ರೇ, ಆಗ ಮಾತು ಬರ್ತದೆ” ಎಂದರು. ಅಂದಿನಿಂದ ಇಬ್ಬರು ಎರಡು ಪಾತ್ರಗಳ ಪಕ್ಷ ಹಿಡಿದು, “ನಾನು” ಎಂದೇ ಮಾತಾಡುತ್ತಾರೆ. ನಡೆಸಿಕೊಡುವವರು, ಹಾಡಿ ಪ್ರಸಂಗ ನಡೆಸುವ ಭಾಗವತರ ಜಾಗದಲ್ಲಿದ್ದು, ಮಾತು ಎಳೆದಾಡಿದರೆ ತಾಳ ಕುಟ್ಟಿ ಮುಂದಕ್ಕೆ ಒಯ್ಯುತ್ತಾರೆ.

ಒಂದು ಸಂಜೆಯ ಮಾತು ಇಲ್ಲಿ ಹೇಳಲೇಬೇಕು. ಒಂಬತ್ತನೆಯ ತರಗತಿಯ ಹುಡುಗಿ ಫೋನಿನಲ್ಲಿ ತೆಗೆದ ಕಿರುಚಿತ್ರ. ಕನ್ನಡ ಶಾಲೆಯಿಂದ ಬಿಡಿಸಿ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹಾಕಿದ ಮಗಳ ಕಥೆ. ಅಪ್ಪನ ಪಕ್ಷಕ್ಕೆ ಯಾರೂ ಏಳಲಿಲ್ಲ. ಕೊನೆಗೆ ಅಡಿಕೆ ಮರ ಹತ್ತುವ ಕೆಲಸದವರೊಬ್ಬರು ಎದ್ದರು. “ನಾನು ಅಪ್ಪ. ಕನ್ನಡದಲ್ಲಿ ಏಳನೇ ಕ್ಲಾಸು ಓದಿದ್ದೇನೆ. ಆಫೀಸಿನಲ್ಲಿ ಅರ್ಜಿ ಕೈಗೆ ಕೊಟ್ಟರೆ ಓದ್ಲಿಕ್ಕೆ ಆಗುವುದಿಲ್ಲ, ಇನ್ನೊಬ್ಬರ ಮುಖ ನೋಡ್ಬೇಕು. ನನ್ನ ಮಗಳು ಹಾಗೆ ನಿಲ್ಲುವುದು ಬೇಡ.” ಚಿತ್ರ ಮಾಡಿದ ಹುಡುಗಿಯೇ ಮಗಳಾಗಿ ಉತ್ತರಿಸಿದಳು: “ಅಪ್ಪಾ, ಅರ್ಜಿಯನ್ನು ಕನ್ನಡದಲ್ಲಿ ಕೊಡಿ ಅಂತ ಅವರನ್ನು ಕೇಳಬಹುದಿತ್ತಲ್ಲ? ಬದಲಾಯಿಸ್ಲಿಕ್ಕೆ ನಾನೇ ಸಿಕ್ಕಿದ್ದಾ?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಧೈರ್ಯ ನನ್ನ ಅಪ್ಪನಿಗೂ ಇರಲಿಲ್ಲ, ನನಗೂ ಬರಲಿಲ್ಲ ಮಗಾ” ಎಂದರು. ಭಾಗವತರ ಜಾಗದಲ್ಲಿದ್ದ ನನಗೆ ತಾಳ ಕುಟ್ಟಲು ಕೈ ಬರಲಿಲ್ಲ.

ಕಿರುಚಿತ್ರೋತ್ಸವ ಹುಟ್ಟಿದ್ದು ಇಂಥ ಸಂಜೆಗಳಿಂದ. ನೋಡಿ ಮಾತಾಡಿದವರಿಗೆ ತಾವೂ ಮಾಡಬೇಕು ಅನ್ನಿಸತೊಡಗಿತು. ದಿನ ಹುಡುಕುವುದೇ ಇಲ್ಲಿ ಕಷ್ಟ. ಮಳೆ ನಿಂತರೆ ಯಕ್ಷಗಾನ ಮೇಳಗಳು ಹೊರಡುತ್ತವೆ, ಕೋಲ ನೇಮಗಳ ಕಾಲ. ಮೇ ಕೊನೆಯ ಹೊತ್ತಿಗೆ ಇವೆಲ್ಲ ನಿಲ್ಲುವ ದಿನವಾದ ಪತ್ತನಾಜೆಯವರೆಗೆ ಯಾವ ರಾತ್ರಿಯೂ ಖಾಲಿ ಇಲ್ಲ. ಅವುಗಳ ಜೊತೆ ಪೈಪೋಟಿಗೆ ಇಳಿಯುವ ಮನಸ್ಸು ನಮಗಿಲ್ಲ. ಮಾರ್ಚ್ ಬಂದರೆ ಪರೀಕ್ಷೆ. ಹಾಗಾಗಿ ಕ್ರಿಸ್ಮಸ್ ರಜೆಯಲ್ಲಿ, ಹಗಲು ಹೊತ್ತು ಎರಡು ದಿನ, ಶಾಲೆಯ ಸಭಾಂಗಣದಲ್ಲಿ ಮಾಡುತ್ತೇವೆ. ಕಿಟಕಿಗೆ ಕಟ್ಟಲು ಅಡಿಕೆಯ ಅಂಗಳದ ಟಾರ್ಪಾಲುಗಳನ್ನು ಊರವರೇ ಕೊಡುತ್ತಾರೆ.

ಜಿಲ್ಲೆಯಲ್ಲಿ ಚಿತ್ರೀಕರಿಸಿದ್ದು ಅಥವಾ ಜಿಲ್ಲೆಯವರು ಮಾಡಿದ್ದು, ಯಾವ ಭಾಷೆಯಾದರೂ ಸರಿ, ಇಪ್ಪತ್ತು ನಿಮಿಷದ ಒಳಗಿರಬೇಕು. ಹೊರಗಿನಿಂದ ಪ್ರಶಸ್ತಿ ಪಡೆದ ಚಿತ್ರಗಳನ್ನು ತರಿಸಿ ಪಟ್ಟಿ ತುಂಬಿಸುವುದು ಸುಲಭ, ಆದರೆ ಅವಕ್ಕೆ ನೋಡುವ ಜಾಗ ಬೇಕಾದಷ್ಟಿದೆ. ಮಂಜೇಶ್ವರದ ಒಬ್ಬ ಹುಡುಗ ತನ್ನ ಅಜ್ಜಿಯ ಬ್ಯಾರಿ ಮಾತನ್ನು ಹಿಡಿದಿಟ್ಟರೆ ಅದಕ್ಕೆ ಪರದೆ ಎಲ್ಲಿದೆ? ಸಿನಿಮಾ ಹಾಡುಗಳನ್ನು ಕದ್ದು ಹಿನ್ನೆಲೆಗೆ ಹಾಕಿದರೆ ವಾಪಸು ಕಳಿಸಿ, ಊರಿನ ಸದ್ದುಗಳನ್ನೇ ಬಳಸಿ ಎಂದು ಬರೆಯುತ್ತೇವೆ. ಮಕ್ಕಳು ಅಭಿನಯಿಸಿದ್ದರೆ ಹೆತ್ತವರ ಒಪ್ಪಿಗೆ ಪತ್ರ ಬೇಕು. ತೀರ್ಪುಗಾರರು ಮೂವರು, ಅವರಲ್ಲಿ ಯಾರ ಸಂಬಂಧಿಕರೂ ಸ್ಪರ್ಧೆಯಲ್ಲಿರಬಾರದು.

ಹಿಂದಿನ ದಿನ ಪ್ರತಿ ಚಿತ್ರದ ಮೊದಲ ಒಂದು ನಿಮಿಷವನ್ನು ಅದೇ ಸಭಾಂಗಣದಲ್ಲಿ ಹಾಕಿ ನೋಡಿ, ಧ್ವನಿ ಹೊಂದಿಸುವ ಮಿಕ್ಸರ್‌ನ ಗುಬ್ಬಿ ಎಲ್ಲಿರಬೇಕು ಎಂದು ಬರೆದಿಟ್ಟುಕೊಳ್ಳುತ್ತೇವೆ. ಒಂದು ಪಿಸುಗುಟ್ಟುತ್ತದೆ, ಮುಂದಿನದು ಕಿರುಚುತ್ತದೆ. ಕಷ್ಟಪಟ್ಟು ಮಾಡಿದವರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಮರ್ಯಾದೆ ಇದು. ದುಡ್ಡು ಸದಸ್ಯರ ಚಂದಾ ಮತ್ತು ರಶೀದಿ ಕೊಟ್ಟು ಪಡೆದ ದೇಣಿಗೆಯಿಂದ. ಊಟ ಊರಿನ ಮನೆಗಳಿಂದ. ಬಹುಮಾನದ ಮೊತ್ತ ಚಿಕ್ಕದು. ಆದರೆ ಬಂದ ಪ್ರತಿಯೊಂದು ಚಿತ್ರಕ್ಕೂ, ಆಯ್ಕೆಯಾಗದಿದ್ದರೂ, ತೀರ್ಪುಗಾರರು ಒಂದು ಪುಟ ಬರೆದು ಕೊಡುತ್ತಾರೆ. ಬಹುಮಾನ ಬಂದವರಿಗಿಂತ ಆ ಪುಟ ಓದಿದವರೇ ಮರುವರ್ಷ ಹೊಸ ಚಿತ್ರದೊಂದಿಗೆ ಬರುವುದನ್ನು ನಾನು ಗಮನಿಸಿದ್ದೇನೆ.

ಉತ್ಸವ ಮುಗಿದ ಮೇಲೆ ಚಿತ್ರ ಮಾಡಿದವರ ಲಿಖಿತ ಅನುಮತಿ ಪಡೆದು ಪ್ರತಿಗಳನ್ನು ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ತುಂಬಿ, ಒಂದನ್ನು ವಾಚನಾಲಯದ ಕಪಾಟಿನಲ್ಲಿ, ಇನ್ನೊಂದನ್ನು ಸದಸ್ಯರೊಬ್ಬರ ಮನೆಯಲ್ಲಿ ಇಡುತ್ತೇವೆ. ಮುಳ್ಳೇರಿಯ, ಪೆರ್ಲ, ಪೈವಳಿಕೆ ಕಡೆಯ ಶಾಲೆಯವರು ಕೇಳಿದಾಗ ಪೆನ್‌ಡ್ರೈವಿಗೆ ಹಾಕಿ, ಉಪಶೀರ್ಷಿಕೆಯ ಕಡತದ ಸಹಿತ ಕಳಿಸುತ್ತೇವೆ. ಅದರ ಜೊತೆ ಎರಡು ಪಾತ್ರಗಳ ಹೆಸರು ಬರೆದ ಚೀಟಿಯೊಂದು ಇರುತ್ತದೆ, ಯಾರು ಯಾರ ಪಕ್ಷ ಹಿಡಿಯುತ್ತಾರೆ ಎಂಬುದನ್ನು ಮಕ್ಕಳೇ ತೀರ್ಮಾನಿಸಿಕೊಳ್ಳಲಿ ಅಂತ.